*ಫೆಹು ಹಿಂದೆ ಬಿದ್ದು ಒಂದು ಅಡ್ಡಗೆರೆ ಹುಡುಕಿದ್ದು

ಇಂಗ್ಲಿಷ್, ಜರ್ಮನ್ ಭಾಷೆಗಳ ತಾಯಿಯಾದ ಮೂಲ ಜರ್ಮಾನಿಕ್‌ನಲ್ಲಿ *ಫೆಹು ಅಂದರೆ ದನವೂ ಹೌದು, ದುಡ್ಡೂ ಹೌದು (ನಕ್ಷತ್ರ ಅಂದರೆ ಬರಹದಲ್ಲಿ ಸಿಗದ, ಊಹಿಸಿ ಕಟ್ಟಿದ ರೂಪ). ಸಂಸ್ಕೃತದ ಪಶು ಅದರ ನೆಂಟ. ಎರಡಕ್ಕೂ ಮೂಲವಾದ ಭಾಷೆಯ ಪ, ಕ ಜರ್ಮಾನಿಕ್‌ನಲ್ಲಿ ಫ, ಹ ಆದವು; ಸಂಸ್ಕೃತದಲ್ಲಿ ಆ ಕ 'ಶ' ಆಯಿತು. ನಾನು ಸಿಕ್ಕಿಬಿದ್ದದ್ದು ಆ ಹಕಾರದಲ್ಲಿ.

ಡೆನ್ಮಾರ್ಕಿನ ಭಾಷಾವಿಜ್ಞಾನಿ ವರ್ನರ್ 1877ರಲ್ಲಿ ಪ್ರಕಟಿಸಿದ ನಿಯಮ ಇದು: ಹಿಂದಿನ ಅಕ್ಷರದ ಮೇಲೆ ಸ್ವರ, ಅಂದರೆ ದನಿಯ ಏರು, ಇದ್ದರೆ ಹ ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಗ ಆಗುತ್ತದೆ. ಜರ್ಮನ್‌ನ ಫಾಟರ್‌ಗೆ (ಅಪ್ಪ) ಟ, ಬ್ರೂಡರ್‌ಗೆ (ಅಣ್ಣತಮ್ಮ) ಡ ಬಂದದ್ದೂ ಹಳೆಯ ಸ್ವರದ ಜಾಗದಿಂದ. ಆ ಹಳೆಯ ಸ್ವರ ಉಳಿದಿರುವ ವೇದದ ಪಶುವಿನಲ್ಲಿ ಉದಾತ್ತ, ಅಂದರೆ ಏರುದನಿ, ಸಾಮಾನ್ಯವಾಗಿ 'ಶು' ಮೇಲಿರುತ್ತದೆ. ಹಾಗಾದರೆ *ಫೆಗು ಆಗಬೇಕಿತ್ತು, ಅಲ್ವಾ? "ಮಂತ್ರದ ಪುಸ್ತಕ ಇಟ್ಕೊಂಡು ಜರ್ಮನ್ ಹುಡುಕ್ತೀಯಾ ಮಾರಾಯ" ಅಂತ ಗೆಳೆಯರು ನಕ್ಕರು.

ಜರ್ಮನ್ ನಿಘಂಟಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು, ಅಂಚೆಗೆ ಹೆಚ್ಚುಕಡಿಮೆ ಇನ್ನೊಂದಷ್ಟು. ಋಗ್ವೇದ ಐದಾರು ನೂರಕ್ಕೆ ಸಿಕ್ಕಿತು ಅಂತ ಖುಷಿಯಾಗಿ ತಂದೆ. ಮನೆಯಲ್ಲಿ ತೆರೆದರೆ ಸ್ವರದ ಗುರುತೇ ಇಲ್ಲ! ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಸ್ವರ ಹಾಕಿದ ಪ್ರತಿಗೆ ಮತ್ತೆ ಎರಡು ಸಾವಿರ. ಮೂರು ತಿಂಗಳು ರಾತ್ರಿ ಕೂತು ಪಶು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದೆ. ಋಗ್ವೇದದಲ್ಲಿ ಉದಾತ್ತಕ್ಕೆ ಗುರುತೇ ಇಲ್ಲ, ಅದರ ಹಿಂದಿನ ಅಕ್ಷರದ ಕೆಳಗೆ ಅಡ್ಡಗೆರೆ. ಎಲ್ಲ ಕಡೆ 'ಪ' ಕೆಳಗೇ ಗೆರೆ, ಅಂದರೆ ಉದಾತ್ತ 'ಶು' ಮೇಲೆಯೇ.

ಕೊನೆಗೆ 3ನೇ ಮಂಡಲ, 53ನೇ ಸೂಕ್ತ, 23ನೇ ಋಕ್ಕು. ಇಲ್ಲಿ 'ಪ'ಕ್ಕೆ ಮೇಲೂ ಗೆರೆ ಇಲ್ಲ, ಕೆಳಗೂ ಇಲ್ಲ. ಅಡ್ಡಗೆರೆ 'ಶು' ಕೆಳಗಿದೆ. ಅಂದರೆ ಉದಾತ್ತ ಮೊದಲ ಅಕ್ಷರದ್ದು, ಹ ಉಳಿದದ್ದು ಸರಿಯೇ! ಈ ಪಶು ನಪುಂಸಕ ಲಿಂಗ. *ಫೆಹು ಕೂಡ ನಪುಂಸಕ, ಲ್ಯಾಟಿನ್ನಿನ ಪೆಕು ಕೂಡ. ನಾನು ಪುಲ್ಲಿಂಗದ ಬೇರೆ ಪಶುವನ್ನು ಅಟ್ಟಿಸಿಕೊಂಡು ಹೋಗಿದ್ದೆ. ನಕ್ಕವರಿಗೆ ಆ ಪುಟದ ಫೋಟೋ ಕಳಿಸಿದೆ, ಸುಮ್ನೆ.

ಲಿಂಗ ಮೊದಲು ನೋಡಿ, ಸ್ವರ ಆಮೇಲೆ. ಗೆರೆ ಸಿಗದ ಪದಗಳಿಗೆ ಇನ್ನೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಂಗ್ಲಿಷಿನ ಫೀ (fee) *ಫೆಹುವಿನ ನೇರ ಸಂತಾನ ಅಂತ ನಂಬಿ ಒಂದು ವಾರ ಹಾಳು ಮಾಡಿಕೊಂಡೆ. ಅದು ಫ್ರೆಂಚ್ ದಾರಿಯಲ್ಲಿ ಸುತ್ತಿ ಬಂದದ್ದು. ನೇರ ಸಂತಾನ ಅಂದರೆ ದನ ಅನ್ನೋ ಅರ್ಥದ ಜರ್ಮನ್ ಫೀ (Vieh). ಕೇಳೋಕೆ ಎರಡೂ ಒಂದೇ! ಗಾಥಿಕ್ ಅನ್ನೋ ಹಳೆಯ ಜರ್ಮಾನಿಕ್ ಭಾಷೆಯ ಬೈಬಲ್ಲಿನಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ಕೊಡ್ತೀವಿ ಅಂದ ಹಣವೂ ಫೈಹು.

ದನ ಮೊದಲೋ ದುಡ್ಡು ಮೊದಲೋ? ದುಡ್ಡಿನ ಕಡೆಯ ಅರ್ಥ, ಅಂದರೆ ಸಾಗಿಸಬಲ್ಲ ಆಸ್ತಿಯೇ ಮೊದಲು ಅಂತ ಫ್ರೆಂಚ್ ಭಾಷಾವಿಜ್ಞಾನಿ ಬೆನ್‌ವೆನಿಸ್ಟ್ ವಾದಿಸಿದರು. ನಾನೂ ಆ ಕಡೆಗೇ. ನಮ್ಮ ಕೊಟ್ಟಿಗೆಯ ದನ ಬಂದದ್ದೂ ಧನದಿಂದ ತಾನೇ?