ಉಸುಕಿನ ಮೇಲೆ ಬಂಡೆ, ಬಂಡೆಯ ಮೇಲೆ ಗಿನಿಪಿಗ್

ಬಳ್ಳಾರಿಯಲ್ಲಿ ಗಿನಿಪಿಗ್ ಸಾಕುತ್ತೇನೆಂದಾಗ ಅವುಗಳನ್ನು ಮಾರಿದ ಅಂಗಡಿಯವರೇ ನಕ್ಕಿದ್ದರು. "ಏಪ್ರಿಲ್ ಬರ್ಲಿ ತಡೀರಿ ಸರ್, ಇಲ್ಲಿ ಬಿಸಿಲಿಗೆ ಮನುಷ್ಯಾರೇ ತಡಿಯಂಗಿಲ್ಲ" ಎಂಬ ಅವರ ಮಾತು ಮೊದಲ ವರ್ಷ ನಿಜವೂ ಆಯಿತು. ಈಗ ನನ್ನ ಪ್ರಾಣಿಗಳು ಏ.ಸಿ. ಇಲ್ಲದೆ, ಒಂದೂ ಸಾಯದೆ ಸತತ ಮೂರು ಬೇಸಿಗೆ ದಾಟಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ತಂದದ್ದು ನಾಲ್ಕು. ಸುಮಾರು 2,800 ರೂಪಾಯಿಯ ಜಾಲರಿ ತಳದ ಪಂಜರದಲ್ಲಿಟ್ಟು ಮೇಲ್ಮಹಡಿಯ ಕೋಣೆಯಲ್ಲಿ ಬಿಟ್ಟಿದ್ದೆ. ಜಾಲರಿಯಿಂದ ಎರಡಕ್ಕೆ ಅಂಗಾಲಿನಲ್ಲಿ ಹುಣ್ಣಾಯಿತು. ಮಧ್ಯರಾತ್ರಿಯವರೆಗೂ ಶಾಖ ಉಗುಳುವ ಆರ್‌ಸಿಸಿ ಚಾವಣಿಯ ಕೆಳಗೆ ಅವುಗಳನ್ನು ಇಟ್ಟದ್ದು ಅದಕ್ಕಿಂತ ದೊಡ್ಡ ತಪ್ಪಾಗಿತ್ತು. ಏಪ್ರಿಲ್ ಕೊನೆಯ ಒಂದು ದಿನ ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ನಾಲ್ಕರಲ್ಲಿ ಎರಡು ಗಿನಿಪಿಗ್‌ಗಳು ಕಾಲು ಚಾಚಿ ಮಲಗಿದ್ದವು. ಜೊಲ್ಲಿನಿಂದ ಗದ್ದ ಒದ್ದೆಯಾಗಿತ್ತು, ಕಿವಿ ಕೆಂಪೇರಿದ್ದವು. ಕತ್ತಲಾಗುವ ಮೊದಲೇ ಎರಡೂ ಸತ್ತವು.

ಉಳಿದೆರಡನ್ನು ಕೆಳಗಿನ ಪಡಸಾಲೆಗೆ ಇಳಿಸಿ, ಏಳೂವರೆ ಸಾವಿರ ಕೊಟ್ಟು ಕೂಲರ್ ತಂದೆ. ಕೋಣೆ ತಂಪಾಯಿತೇನೋ ನಿಜ, ಆದರೆ ಆ ತೇವಗಾಳಿಗೆ ಹಾಸು ಒದ್ದೆಯಾಗಿ, ಮೂರು ವಾರದಲ್ಲಿ ಅವುಗಳ ಮೂಗು, ಕಿವಿಗಳ ಸುತ್ತ ರೋಮ ಉದುರಿ ಹುಳುಕಡ್ಡಿ ಕಾಣಿಸಿಕೊಂಡಿತು. ಅದು ಮಗಳ ಮುಂಗೈಗೂ ಹತ್ತಿದಾಗ ಮನೆಯಲ್ಲಿ ನನಗೆ ಆದ ಮರ್ಯಾದೆಯನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ಮುಲಾಮು, ಡಾಕ್ಟರ ಫೀಸು ಎಲ್ಲ ಸೇರಿ ಮತ್ತೆ 1,800 ಹೋಯಿತು. ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಇಟ್ಟು ನೋಡಿದ್ದೂ ಉಂಟು. ಮಧ್ಯಾಹ್ನ ಕರೆಂಟು ಹೋದ ದಿನ ಅವೂ ಕೈಕೊಟ್ಟವು.

ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅವ್ವ ಬೇಸಿಗೆ ಬಂತೆಂದರೆ ನೀರಿನ ಹರವಿಯನ್ನು ಹಸಿ ಉಸುಕಿನ ಮೇಲೆ ಕೂರಿಸುತ್ತಾಳೆ. ಹರವಿಯ ಜಾಗದಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಬಂಡೆ ಇಟ್ಟರೆ ಹೇಗೆ ಎಂದು, ತಗಡಿನ ಕೆಲಸದವರಿಂದ ಮೂರಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ಆಳದ ಟ್ರೇ ಮಾಡಿಸಿ, ತೊಳೆದ ಹೊಳೆ ಉಸುಕು ತುಂಬಿ, ಮೇಲೆ ಬಂಡೆ ಹಾಕಿದೆ. ಟ್ರೇಗೆ 900, ಬಂಡೆಗೆ 200ರ ಆಸುಪಾಸು. ಮೊದಲ ಸಲ ಟ್ರೇ ಅಳತೆಗೆ ಸರಿಯಾಗಿ ಬಂಡೆ ಕತ್ತರಿಸಿದ್ದರಿಂದ ಉಸುಕು ಪೂರ್ತಿ ಮುಚ್ಚಿಹೋಗಿ, ನೀರು ಆರಲು ದಾರಿಯಿಲ್ಲದೆ ನಾತ ಹಿಡಿಯಿತೇ ಹೊರತು ತಂಪಾಗಲಿಲ್ಲ. ಸುತ್ತಲೂ ಮೂರಿಂಚು ಉಸುಕು ಬಯಲಾಗಿರುವಂತೆ ಬಂಡೆಯನ್ನು ಚಿಕ್ಕದು ಮಾಡಿ, ಆ ಅಂಚಿಗೆ ಪ್ರಾಣಿಗಳು ಇಳಿಯದಂತೆ ತೂತಿನ ತಗಡು ಮುಚ್ಚಿದ ಮೇಲೆ ಕೆಲಸ ಮಾಡಿತು. ಆದರೆ ಉಸುಕಿನ ತೇವ ಕಲ್ಲಿನೊಳಗಿಂದ ಏರಿ ಬಂಡೆಯ ಮೇಲ್ಮೈ ಒದ್ದೆಯಾಗತೊಡಗಿತು. ಅದನ್ನು ತಡೆಯಲು ಬಂಡೆಯ ಕೆಳಮೈಗೆ ಬಳಿಯುವ ವಸ್ತುವನ್ನು ಹುಡುಕಲು ನನಗೆ ಒಂದು ಇಡೀ ಬೇಸಿಗೆ ಹಿಡಿದಿದೆಯಾದ್ದರಿಂದ, ಅದು ಸದ್ಯ ನನ್ನಲ್ಲೇ ಇರಲಿ.

ಬೆಳಿಗ್ಗೆ ಮೂರು ಲೀಟರ್, ಮಧ್ಯಾಹ್ನ ಒಂದೂವರೆ ಲೀಟರ್ ನೀರನ್ನು ಉಸುಕಿಗೆ ಹನಿಸುತ್ತೇನೆ. ಕಿಟಕಿ ಎರಡು ಕಡೆ ತೆರೆದಿದ್ದು ಗಾಳಿ ಆಡುತ್ತಿರಬೇಕು. ಮೇ ತಿಂಗಳಲ್ಲಿ ಪಡಸಾಲೆ 37 ಡಿಗ್ರಿ ಇದ್ದಾಗ ಬಂಡೆ 28–29 ತೋರಿಸಿದೆ. ನಮ್ಮ ಒಣಗಾಳಿಯೇ ಇದಕ್ಕೆ ಬಂಡವಾಳ. ಮಳೆಗಾಲದ ತೇವದಲ್ಲಿ ಇದು ಅಷ್ಟು ನಡೆಯುವುದಿಲ್ಲ, ಆಗ ಅಗತ್ಯವೂ ಅಷ್ಟಿರುವುದಿಲ್ಲ. ಗೂಡಿನ ಅರ್ಧ ಭಾಗಕ್ಕೆ ಮಾತ್ರ ಬಂಡೆಯಿರಲಿ. ತಂಪು ಸಾಕಾದಾಗ ಅವು ತಾವಾಗಿಯೇ ಹುಲ್ಲಿಗೆ ಸರಿಯುತ್ತವೆ. ಬಂಡೆಯಂಚಿನ ಉಸುಕಿನಲ್ಲಿ ಒಂದು ಹಿಡಿ ಗೋಧಿ ಚೆಲ್ಲಿದ್ದೆ. ತಗಡಿನ ತೂತುಗಳಿಂದ ತಲೆಯೆತ್ತಿದ ಹಸಿರನ್ನು ಒಂದೇ ದಿನದಲ್ಲಿ ಬೋಳಿಸಿಬಿಟ್ಟವು.

ಹಾಸಿನ ಖರ್ಚು ಉಳಿಸಲು ಕೌಲ್ ಬಜಾರ್ ಕಡೆಯಿಂದ ಜೀನ್ಸ್ ಹೊಲಿಗೆಯ ತುಂಡುಬಟ್ಟೆಯನ್ನು ಚೀಲಕ್ಕೆ ನಲವತ್ತರಂತೆ ತಂದದ್ದೂ ಒಂದು ಪ್ರಯೋಗವೇ. ಮೂತ್ರವನ್ನು ಚೆನ್ನಾಗಿಯೇ ಹೀರುತ್ತಿತ್ತು, ಆದರೆ ಅಂಚಿನ ಬಿಳಿ ನೂಲು ಒಂದರ ಕಾಲ್ಬೆರಳಿಗೆ ಸುತ್ತಿ ಬೆರಳು ಊದಿಕೊಂಡಿದ್ದನ್ನು ಕಂಡು ಕೈಬಿಟ್ಟೆ. ಅಂಚು ಮಡಚಿ ಹೊಲಿಸಿದರೆ ನಡೆದೀತು. ಹೊಲಿಗೆಯ ಕೂಲಿಗೆ ಹೊಸ ಬಟ್ಟೆಯೇ ಬರುತ್ತದೆ.

ಮೇವಿನ ವಿಷಯದಲ್ಲಿ ಎಡವಿದ್ದು ಮೊಲಗಳ ಗುಳಿಗೆಮೇವಾದ ಪೆಲೆಟ್‌ನಿಂದ. ಗಿನಿಪಿಗ್ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳದು, ಮೊಲದ ಮೇವಿನಲ್ಲಿ ಅದನ್ನು ಬೆರೆಸಿರುವುದೂ ಇಲ್ಲ. ಎರಡನೆಯ ತಿಂಗಳಿಗೆ ಹಿಂಗಾಲು ಬಿಗಿದು ಕುಂಟತೊಡಗಿದವು. ನೀರಿಗೆ ಹಾಕಿದ ವಿಟಮಿನ್ ಸಿ ಹನಿ ಬೆಳಕಿಗೂ ಸೆಕೆಗೂ ಸತ್ವ ಕಳೆದುಕೊಂಡಿತಲ್ಲದೆ, ರುಚಿ ಕೆಟ್ಟಿತೆಂದು ಅವು ನೀರು ಕುಡಿಯುವುದನ್ನೇ ಕಡಿಮೆ ಮಾಡಿದವು. ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಾಕಾದ್ದರಿಂದ, ಈಗ ಪ್ರತಿಯೊಂದಕ್ಕೂ ಹೆಬ್ಬೆರಳಗಲದ ಪೇರಲ ತುಂಡು, ಅದು ಸಿಗದಿದ್ದಾಗ ದಪ್ಪ ಮೆಣಸಿನಕಾಯಿ ಕೊಡುತ್ತೇನೆ. ನೆಲ್ಲಿಕಾಯಿಯನ್ನು ಮೂಸಿಯೂ ನೋಡಲಿಲ್ಲ. ಹೊಟ್ಟೆ ತುಂಬಲು ಒಣಹುಲ್ಲು ಮತ್ತು ಗರಿಕೆ ಸದಾ ಇರುತ್ತವೆ. ಶೇಂಗಾ ಹೊಟ್ಟು, ಕುದುರೆಮಸಾಲೆಗಳಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಬೆಳೆದ ಪ್ರಾಣಿಗಳಿಗೆ ಮೂತ್ರಕೋಶದ ಕಲ್ಲಾಗುವ ಭಯವಿದೆ. ಅಗ್ಗವೆಂದು ಅವನ್ನೇ ಸುರಿಯಬಾರದು.

ಕಳೆದ ಮೇ ತಿಂಗಳಲ್ಲಿ ಒಂದು ಹೆಣ್ಣು ಮೂರು ಮರಿ ಹಾಕಿತು. ರೋಮ ತುಂಬಿಕೊಂಡು, ಕಣ್ಣು ತೆರೆದೇ ಹುಟ್ಟಿದ ಅವು ಮರುದಿನ ಮಧ್ಯಾಹ್ನ ಎರಡಕ್ಕೆ ತಾಯಿಯ ಹಿಂದೆ ಬಂದು ಬಂಡೆಯ ಮೇಲೆ ಸಾಲಾಗಿ ಕುಳಿತಿದ್ದವು. ಅಂದು ನಕ್ಕಿದ್ದ ಅಂಗಡಿಯವರೇ ಮನೆಗೆ ಬಂದು, ಬಂಡೆಯ ಮೇಲೆ ಅಂಗೈಯಿಟ್ಟು ನೋಡಿ, ಕೆಳಗೆ ಏನು ಬಳಿದಿದ್ದೀರಿ ಎಂದು ಎರಡು ಸಲ ಕೇಳಿದರು. ಚಹಾ ಕುಡಿಸಿ ಕಳುಹಿಸಿದೆ.