ನುಂಗಲು ಕಷ್ಟವಾದವರಿಗೆ ಗಂಜಿಯ ಹದ ಅಳೆಯುವುದು ಹೇಗೆ

ಮುಂಬಯಿಯ ಮಾಟುಂಗಾದ ಹೋಟೆಲೊಂದರ ಅಡುಗೆಮನೆಯಲ್ಲೇ ನನ್ನ ಪ್ರಾಯವೆಲ್ಲ ಕಳೆಯಿತು. ಸೌಟು ಎತ್ತಿದರೆ ಸಾಕು, ಹಿಟ್ಟಿನ ಹದ ಗೊತ್ತಾಗುತ್ತದೆ. ಆದರೆ ಲಕ್ವ ಹೊಡೆದ ಹೆಂಡತಿಗೆ ಕುಡಿಸುವಾಗ ಕಣ್ಣಂದಾಜು ನಡೆಯುವುದಿಲ್ಲ. ತೀರಾ ತೆಳುವಾದರೆ ಶ್ವಾಸನಾಳಕ್ಕೆ ಜಾರಬಹುದು, ಹಾಗಾಗಿ ಹದ ಅಳೆಯಲು ಸಿರಿಂಜ್ ಬೇಕು.

ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಪರೀಕ್ಷೆ ಆಗಬೇಕು. ಮಾತು ಕಲಿಸುವ ಸ್ಪೀಚ್ ಥೆರಪಿಸ್ಟೇ ನುಂಗುವುದನ್ನೂ ನೋಡುತ್ತಾರೆ. ಮುಂಬಯಿಯವರಿಗೆ ಎಲ್ಲಿ ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ, ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಮಾತು ಮತ್ತು ಕಿವಿಯ ತೊಂದರೆಗೆಂದೇ ಇರುವುದು. ಕುಡಿದಾಗ ಕೆಮ್ಮು, ಉಂಡ ಮೇಲೆ ಗೊರಗೊರ ಧ್ವನಿ, ಕೆನ್ನೆಯೊಳಗೆ ಉಳಿಯುವ ತುತ್ತು, ಆಗಾಗ ಜ್ವರ: ಇವು ಕಂಡರೆ ತಡ ಮಾಡಬೇಡಿ. ಕೆಮ್ಮಲಿಲ್ಲ ಅಂತ ಧೈರ್ಯವಾಗಿಯೂ ಇರಬೇಡಿ. ಕೆಲವರಿಗೆ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಅದನ್ನು ನೋಡಲು ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೆಯುತ್ತಾರೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸುತ್ತಾರೆ. ಈ ಕ್ಯಾಮೆರಾ ಪರೀಕ್ಷೆ 1988ರಿಂದ ಇದೆ. 90 ಎಂಎಲ್ ನೀರನ್ನು ಒಂದೇ ಸಮ ಕುಡಿಸಿ ನೋಡುವ ಪರೀಕ್ಷೆಯೂ ಉಂಟು. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಪರೀಕ್ಷೆಯಾದ ಮೇಲೆ ಒಂದು ನಂಬರ್ ಕೊಡುತ್ತಾರೆ. ಊಟ, ಪಾನೀಯಗಳ ಹದಕ್ಕೆಂದೇ ಇರುವ ಇಡ್‌ಸಿ (IDDSI) ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 0ಯಿಂದ 7ರವರೆಗೆ ಹಂತಗಳಿವೆ. 0 ಅಂದರೆ ನೀರು, 7 ಅಂದರೆ ಮಾಮೂಲಿ ಊಟ. ನನ್ನವಳಿಗೆ ಕುಡಿಯುವುದಕ್ಕೆ ಹೇಳಿದ್ದು 2.

ಅಳೆಯುವುದು ಹೀಗೆ. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತನ್ನಿ. 0ಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರಬೇಕು, ಸ್ಕೇಲ್ ಹಿಡಿದು ನೋಡಿ. ಬೇರೆ ಅಳತೆಯದಾದರೆ ಲೆಕ್ಕ ತಪ್ಪುತ್ತದೆ. ಒಳಗಿನ ದಂಡ ತೆಗೆದು, ತುದಿಗೆ ಬೆರಳು ಒತ್ತಿ, 10ರವರೆಗೆ ತುಂಬಿ. ಬೆರಳು ಬಿಟ್ಟು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚಿ. ಒಳಗೆ 1ರಿಂದ 4 ಎಂಎಲ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಜಾಸ್ತಿ ಉಳಿದರೆ ಹಂತ 3. ಏನೂ ಇಳಿಯದಿದ್ದರೆ ಅದು 4, ಚಮಚದಲ್ಲಿ ತಿನ್ನಿಸುವಂಥದ್ದು.

ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಕುಡಿಸುವಷ್ಟು ಬಿಸಿ ಇರುವಾಗಲೇ ಅಳೆಯಬೇಕು. ಒಲೆಯ ಮೇಲೆ 2 ಇದ್ದದ್ದು ಆರಿದ ಮೇಲೆ 3 ಆಗುತ್ತದೆ. ಇನ್ನೊಂದು ಮಾತು, ಅಡುಗೆಯವನಾದ ನನಗೂ ಇದು ಹೊಸದು: ಎಂಜಲು ಚಮಚವನ್ನು ಲೋಟಕ್ಕೆ ಅದ್ದಿದರೆ ಜೊಲ್ಲು ಪಿಷ್ಟವನ್ನು ಕರಗಿಸಿ ಗಂಜಿ ನೀರಾಗುತ್ತದೆ. ಮೆಡಿಕಲ್‌ನಲ್ಲಿ ಸಿಗುವ, ದಪ್ಪ ಮಾಡುವ ಕ್ಸಾಂಥನ್ ಗಮ್ ಪುಡಿ ಹಾಗೆ ಕರಗುವುದಿಲ್ಲ.

ನಮ್ಮ ಊರ ಕಡೆ ಹುಷಾರಿಲ್ಲ ಅಂದರೆ ಕುಚ್ಚಲಕ್ಕಿ ಗಂಜಿ, ಅಲ್ವಾ? ನುಂಗಲು ಕಷ್ಟವಾದವರಿಗೆ ಅದು ಅಪಾಯ. ತೆಳಿ ಮೊದಲೇ ಗಂಟಲಿಗೆ ಜಾರುತ್ತದೆ, ಅಗುಳು ಇನ್ನೂ ಬಾಯಲ್ಲೇ ಇರುತ್ತದೆ. ಸಾಂಬಾರಲ್ಲಿ ಮುಳುಗಿಸಿದ ಇಡ್ಲಿಯದೂ ಅದೇ ಕಥೆ. ಪಾವ್ ಬೇಡವೇ ಬೇಡ, ಒದ್ದೆಯಾದರೆ ಉಂಡೆ ಕಟ್ಟಿ ಸಿಕ್ಕಿಕೊಳ್ಳುತ್ತದೆ. ಐಸ್‌ಕ್ರೀಂ ಬಾಯಲ್ಲಿ ಕರಗಿ ನೀರೇ ಆಗುತ್ತದೆ.

ದಪ್ಪ ಮಾಡಿದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಪಾರ್ಕಿನ್ಸನ್ಸ್ ಮತ್ತು ಮರೆವಿನ ಕಾಯಿಲೆಯ 515 ಮಂದಿಯನ್ನು ಅಮೆರಿಕದಲ್ಲಿ ಮೂರು ತಿಂಗಳು ಗಮನಿಸಿದ ಅಧ್ಯಯನ 2008ರಲ್ಲಿ ಬಂತು. ಗದ್ದ ತಗ್ಗಿಸಿ ತೆಳುವಾದದ್ದು ಕುಡಿದವರಿಗೂ ದಪ್ಪ ಮಾಡಿ ಕುಡಿದವರಿಗೂ ನ್ಯುಮೋನಿಯಾದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ದಪ್ಪ ಕುಡಿದವರಲ್ಲಿ ನಿರ್ಜಲೀಕರಣ ಜಾಸ್ತಿ ಇತ್ತು. ಹಾಗಾಗಿ ದಿನಕ್ಕೆ ಎಷ್ಟು ಲೋಟ ಹೋಯಿತು ಅಂತ ಬರೆದಿಡಿ. ಗದ್ದ ತಗ್ಗಿಸುವುದೂ ಎಲ್ಲರಿಗೂ ಆಗಿಬರುವುದಿಲ್ಲ, ಥೆರಪಿಸ್ಟ್ ಹೇಳಿದರೆ ಮಾತ್ರ.

ನೆಟ್ಟಗೆ ಕೂರಿಸಿ ತಿನ್ನಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಊಟದ ನಂತರ ಹಲ್ಲು, ನಾಲಿಗೆ, ಸೋತ ಕಡೆಯ ಕೆನ್ನೆ ಎಲ್ಲ ಶುಚಿ ಮಾಡಿ, ಬಾಯಿಯ ಕೊಳೆಯೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಮಾತ್ರೆಗಳನ್ನು ಸುಮ್ನೆ ಪುಡಿ ಮಾಡಬೇಡಿ, ಕೆಲವನ್ನು ಪುಡಿ ಮಾಡಲೇಬಾರದು, ಔಷಧಿ ಅಂಗಡಿಯಲ್ಲಿ ಕೇಳಿ.

ಹಗಲು ನೋಡಿಕೊಳ್ಳಲು ಮಾವಶಿ (ಆರೈಕೆಯ ಹೆಂಗಸು) ಬರುವುದಾದರೆ ಇದನ್ನೆಲ್ಲ ಮರಾಠಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ನಮ್ಮ ಡೊಂಬಿವಲಿ ಮನೆಯ ಮಾವಶಿ ಪ್ರೀತಿಯಿಂದ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡಲು ಹೊರಟಿದ್ದರು. ಈಗ ಸಿರಿಂಜ್ ಹಿಡಿದು ನನ್ನ ಅಂಬಲಿಯನ್ನೇ ತಪಾಸಣೆ ಮಾಡುತ್ತಾರೆ.