ಕನ್ನಡ-ಮಲಯಾಳ ಬೆರೆತ ಕಾಗದವನ್ನು ಪಠ್ಯವಾಗಿಸಿದ್ದು

ಕಾಸರಗೋಡಿನ ಜಾಗವೊಂದರ ಆಧಾರಪತ್ರದ ಟೈಪ್ ಪ್ರತಿ. ಒಕ್ಕಣೆ ಕನ್ನಡ, ನಡುನಡುವೆ ಮಲಯಾಳ. ಸ್ಕ್ಯಾನ್ ಮಾಡಿ ಪಠ್ಯ ತೆಗೆದರೆ ಒತ್ತಕ್ಷರ ಮಾಯ, ಮಲಯಾಳವೆಲ್ಲ ಅರ್ಥವಿಲ್ಲದ ಕನ್ನಡ. 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಸ್ಕ್ಯಾನ್ ಅಳತೆ), ಫೋನಿನ ಫೋಟೋ, ಕಪ್ಪು-ಬಿಳುಪು ಮೋಡ್ ಯಾವುದೂ ಫಲಿಸಲಿಲ್ಲ. ಕಪ್ಪು-ಬಿಳುಪಿನಲ್ಲಂತೂ ಒತ್ತಿನ ತೆಳು ಗೆರೆಗಳೇ ಅಳಿಸಿಹೋದವು.

ಸರಿಹೋದದ್ದು ಚಿತ್ರದಿಂದ ಪಠ್ಯ ಓದುವ ಟೆಸರಾಕ್ಟ್ ತಂತ್ರಾಂಶದಲ್ಲಿ, ಅದನ್ನು ಕಿಟಕಿ-ಮೆನುಗಳಲ್ಲಿ ಬಳಸಲು ಬಿಡುವ ಜಿಇಮೇಜ್‌ರೀಡರ್ ಮೂಲಕ, ಎರಡೂ ಉಚಿತ. ಸ್ಕ್ಯಾನ್ 300 ಡಿಪಿಐ, ಗ್ರೇಸ್ಕೇಲ್ (ಬೂದು ಛಾಯೆಗಳೂ ಉಳಿಯುವ ಮೋಡ್); ಚಿತ್ರದ ಕಡತ ಪಿಎನ್‌ಜಿ ಇರಲಿ, ಜೆಪೆಗ್ ಬೇಡ. ಕನ್ನಡ, ಮಲಯಾಳ ಎರಡರ ಭಾಷಾ ಕಡತವನ್ನೂ ಇಳಿಸಿಕೊಂಡು, ಭಾಷೆಯ ಪಟ್ಟಿಯ 'ಮಲ್ಟಿಲಿಂಗ್ವಲ್'ನಲ್ಲಿ ಎರಡಕ್ಕೂ ಟಿಕ್ ಹಾಕಿ. ಪುಟ ವಿಭಜನೆ 'ಆಟೋಮ್ಯಾಟಿಕ್' ಬಿಟ್ಟು 'ಸಿಂಗಲ್ ಬ್ಲಾಕ್' (ಬರಹವೆಲ್ಲ ಒಂದೇ ತುಂಡು ಎಂದು ಓದುವುದು) ಇರಲಿ. ಆಮೇಲೆ ಮುದ್ರೆ, ಸಹಿ ಹೊರಗುಳಿಯುವಂತೆ ಬರಹದ ಸುತ್ತ ಮಾತ್ರ ಮೌಸ್‌ನಿಂದ ಚೌಕ ಎಳೆದು ಓದಿಸಿ. ನಿಜವಾದ ವ್ಯತ್ಯಾಸ ಬಂದದ್ದು ಇಲ್ಲೇ.

ಕೈಬರಹಕ್ಕೆ ಇದು ಆಗದು. ಸರ್ವೆ ನಂಬರು, ಸೆಂಟ್ಸ್ ಲೆಕ್ಕ ಮೂಲದೊಂದಿಗೆ ತಾಳೆ ನೋಡಲೇಬೇಕು: ಕನ್ನಡದ ಸೊನ್ನೆಯೂ ಅನುಸ್ವಾರವೂ ಅದಲುಬದಲಾಗುತ್ತವೆ.